ಬಾಯಿ ಕೆಟ್ಟ ಹಕ್ಕಿ

ನಮ್ಮ ಮುದುಕ ಆ ದಿನ ಉದ್ಯಾನದಿಂದ ಬಂದವನೇ ಪಂಜರವನ್ನು ಕಿಟಕಿಯ ಕೊಕ್ಕೆಗೆ ಸಿಕ್ಕಿಸಿದ. ಕೈಯನ್ನೂ ತೊಳೆಯದೆ ನೂಡಲ್ಸ್ ಬಟ್ಟಲ ಮುಂದೆ ಕೂತು ಅದನ್ನೇ ನೋಡತೊಡಗಿದ. ಸಾರು ಆರಿ ಮೇಲೆ ಎಣ್ಣೆ ಕಟ್ಟಿತು.

“ಯಾರು ಹೋದ್ರು?” ಅಂದೆ. ನಮ್ಮ ವಯಸ್ಸಿನವರ ಮನೆಗಳಲ್ಲಿ ಇಂಥ ಮೌನಕ್ಕೆ ಸಾಮಾನ್ಯವಾಗಿ ಅದೇ ಕಾರಣ.

“ಜಿನ್ ಹೋದ.”

“ನಿನ್ನೆ ತಾನೆ ಮೆಟ್ಟಿಲ ಹತ್ರ ಸಿಕ್ಕಿದ್ನಲ್ಲೋ. ಚೆನ್ನಾಗೇ ಇದ್ದ.”

“ಸತ್ತಿಲ್ಲ ಕಣೆ. ಎದುರಿನ ಮರಕ್ಕೆ ಹೋದ.”

ಸತ್ತಿದ್ದರೆ ಇವನು ಇಷ್ಟು ಸಂಕಟಪಡುತ್ತಿರಲಿಲ್ಲ ಅಂತ ನನಗೆ ಆಗಲೇ ಅನ್ನಿಸಿತು.

ನಮ್ಮ ಮುದುಕ ತೋಂಗ್ ಯೂಲಿನ್ ಬೀಜಿಂಗಿನ ದಕ್ಷಿಣ ಡಿಪೋದಲ್ಲಿ ಬಸ್ಸು ಓಡಿಸುತ್ತಿದ್ದ. ಜಿನ್ ಅದೇ ಬಸ್ಸಿನ ಕಂಡಕ್ಟರು, ಇವನಿಗಿಂತ ಚಿಕ್ಕವನು. ಕೆಲಸದಲ್ಲಿದ್ದಾಗ ಒಬ್ಬರಿಗೊಬ್ಬರು ಬೆನ್ನು ಮಾಡಿಕೊಂಡೇ ಕಾಲ ಕಳೆದರು. ನಿವೃತ್ತಿಯಾದ ಮೇಲೆ ಉದ್ಯಾನದ ಸೈಪ್ರೆಸ್ ತೋಪಿನಲ್ಲಿ ಎದುರುಬದುರು ಕೂತು ಮುಖ ನೋಡಿಕೊಳ್ಳಲು ಶುರುಮಾಡಿದರು. ತೋಪು ಹಕ್ಕಿಯವರದು. ಸರೋವರದ ಆಚೆ ದಂಡೆಯ ಉದ್ದ ಪಡಸಾಲೆ ಹಾಡುವವರದು, ಕಲ್ಲುಸೇತುವೆಯ ಬುಡ ಚದುರಂಗದವರದು. ಯಾರ ಜಾಗ ಯಾರದೆಂದು ಯಾವ ಫಲಕವೂ ಹೇಳುವುದಿಲ್ಲ. ಆದರೆ ಅಲ್ಲಿ ಹೊಸಬನೊಬ್ಬ ಬಂದು ತಪ್ಪು ಬೆಂಚಿನಲ್ಲಿ ಕೂತರೆ ಇಡೀ ಉದ್ಯಾನಕ್ಕೆ ಗೊತ್ತಾಗುತ್ತದೆ.

ಇವರು ಸಾಕುವುದು ಬೈಲಿಂಗ್. ಹುಲ್ಲುಗಾವಲಿನ ಕಡೆಯ ಕಂದು ಬಣ್ಣದ ಪುಟ್ಟ ಹಕ್ಕಿ. ಅದರ ಸ್ವಂತ ಹಾಡು ಯಾರಿಗೂ ಬೇಕಿಲ್ಲ. ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸುತ್ತದೆ, ಅದೇ ಅದರ ಬೆಲೆ. ಗುಬ್ಬಿಗಳ ಜಗಳ, ಮೊಟ್ಟೆಯಿಟ್ಟ ಕೋಳಿ, ಬೆಕ್ಕು, ಆಕಾಶದ ಹದ್ದು, ಹೀಗೆ ಹದಿಮೂರು ಕೂಗು, ಒಂದರ ಹಿಂದೆ ಒಂದು, ಸಾಲು ತಪ್ಪದೆ ಬರಬೇಕು. ಕಲಿತ ಹಕ್ಕಿಯ ಪಕ್ಕದಲ್ಲಿ ಮರಿಹಕ್ಕಿಯ ಪಂಜರ ತೂಗುಹಾಕಿದರೆ ಮರಿ ಕೇಳಿ ಕೇಳಿ ಕಲಿಯುತ್ತದೆ. ಸೇರಬಾರದ ಸದ್ದೊಂದು ನಡುವೆ ಸೇರಿತೋ, ಬಾಯಿ ಕೆಟ್ಟಿತು ಅಂತ ಲೆಕ್ಕ. ಅಂಥ ಹಕ್ಕಿಯ ಯಜಮಾನ ಯಾರೂ ಹೇಳುವ ಮುಂಚೆಯೇ ಪಂಜರಕ್ಕೆ ಬಟ್ಟೆ ಇಳಿಸಿ ತೋಪು ಬಿಟ್ಟು ಹೋಗಬೇಕು. ಉಳಿದವರ ಹಕ್ಕಿಗಳೂ ಅದನ್ನು ಕಲಿತುಬಿಟ್ಟರೆ ಅಂತ ಭಯ. ತಿಳಿದೂ ತಂದವನಿಗೆ ಆಮೇಲೆ ಆ ತೋಪಿನಲ್ಲಿ ಮುಖವಿಲ್ಲ.

ಈ ಕಾಯಿಲೆ ನಮ್ಮ ಮನೆಯನ್ನೂ ಹಿಡಿದಿತ್ತು. ಎಷ್ಟೋ ವರ್ಷಗಳಿಂದ ನಮ್ಮಲ್ಲಿ ಫೋನು ಸದ್ದು ಮಾಡುವುದಿಲ್ಲ. ಬಾಣಲೆಗೆ ಸೌಟು ತಾಗುವುದಿಲ್ಲ. ನಾನು ಹಾಡಬೇಕೆಂದರೆ ಉದ್ಯಾನದ ಪಡಸಾಲೆಗೆ ಹೋಗಿ ಹೆಂಗಸರ ಗುಂಪಿನಲ್ಲಿ ಹಾಡಬೇಕು. ಸವತಿಯೊಬ್ಬಳು ಇದ್ದಿದ್ದರೂ ಅವಳ ಎದುರಿಗೆ ಕೆಮ್ಮುವ ಸ್ವಾತಂತ್ರ್ಯ ನನಗೆ ಇರುತ್ತಿತ್ತು.

ಜಿನ್‌ನ ಮರಿಹಕ್ಕಿ ಕಳೆದ ಬೇಸಿಗೆಯಿಂದ ಇವನ ಹಕ್ಕಿಯ ಪಕ್ಕದಲ್ಲೇ, ಅದೇ ಓರೆ ಸೈಪ್ರೆಸ್ಸಿನ ಕೊಂಬೆಯಲ್ಲಿ ಪಾಠ ಕೇಳುತ್ತಿತ್ತು. ಈಗ ಅದು ಎದುರಿನ ವಿಲೋ ಮರಕ್ಕೆ ಹೋಗಿದೆ. ಶಾವೊ ಎಂಬ ಹೊಸಬನ ಹಕ್ಕಿಯ ಪಕ್ಕಕ್ಕೆ.

ಮಾರನೆಯ ದಿನ ಪಡಸಾಲೆಗೆ ಹೋಗುವ ಮುಂಚೆ ತೋಪಿನ ಕಡೆ ಸುತ್ತುಹಾಕಿದೆ. ಶಾವೊ ರೈಲ್ವೆಯಲ್ಲಿದ್ದವನಂತೆ. ಉತ್ತರದ ಗುಡ್ಡಗಳ ಊರಿನಿಂದ ಮಗಳ ಮನೆಗೆ ಬಂದಿದ್ದ. ಎತ್ತರದ ಆಳು, ತಗ್ಗು ದನಿ, ಒಗೆದು ಒಗೆದು ಬಣ್ಣ ಹೋದ ನೀಲಿ ಅಂಗಿ. ದ್ವೇಷಿಸಲು ಅನುಕೂಲವಾದದ್ದು ಅವನಲ್ಲಿ ಏನೂ ಇರಲಿಲ್ಲ, ಅದೇ ತೊಂದರೆ. ಅವನ ಹಕ್ಕಿ ಹಾಡಲು ತೊಡಗಿದಾಗ ಹುರಿದ ಬೀಜ ತಿನ್ನುತ್ತಿದ್ದವರು ಅಗಿಯುವುದನ್ನು ನಿಲ್ಲಿಸಿದರು. ಹದ್ದಿನ ಕೂಗು ಬಂದಾಗ ಹಿಂದಿನ ಲೈಲ್ಯಾಕ್ ಪೊದೆಯಲ್ಲಿದ್ದ ನಿಜವಾದ ಗುಬ್ಬಿಗಳು ಮುದುಡಿ ಕೂತವು.

ನಮ್ಮ ಹಕ್ಕಿ ಹೋದ ಸಲ ಗರಿ ಉದುರಿಸಿದ ಮೇಲೆ ಹದ್ದನ್ನು ಮರೆತುಬಿಟ್ಟಿತ್ತು. ಬೆಕ್ಕು ಮುಗಿಸಿ, ಒಂದು ಕ್ಷಣ ಏನೋ ಹುಡುಕುವಂತೆ ನಿಂತು, ಮುಂದಿನ ಕೂಗಿಗೆ ಹಾರಿಬಿಡುತ್ತಿತ್ತು. ಇದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ಇವನಿಗೇ.

ಇವನು ತನ್ನ ಮರದ ಕೆಳಗೆ ನಮ್ಮೆಲ್ಲರಿಗೂ ಬೆನ್ನು ತಿರುಗಿಸಿ, ಪಂಜರದ ಹಿತ್ತಾಳೆ ಕೊಕ್ಕೆ ಉಜ್ಜುತ್ತ ನಿಂತಿದ್ದ. ಬೆನ್ನು ಈ ಕಡೆ, ಕಿವಿಯೂ ಈ ಕಡೆಗೇ.

“ಕೇಳಿಸ್ತಾ?” ಅಂದ, ನಾನು ಹತ್ತಿರ ಹೋದಾಗ.

“ಚೆನ್ನಾಗಿ ಹಾಡ್ತು.”

“ಹಕ್ಕಿ ಸುದ್ದಿ ಯಾರು ಕೇಳಿದ್ರು? ಆ ನಗು ಕೇಳಿಸ್ತಾ ಅಂದೆ. ನಾನು ಏನಾದ್ರೂ ಹೇಳಿದ್ರೆ ಜಿನ್ ಹಲ್ಲು ಬಿಡ್ತಿದ್ದ, ಅಷ್ಟೇ. ಅವನ ಜೊತೆ ಹೊಟ್ಟೆ ಹಿಡ್ಕೊಂಡು ನಗ್ತಾನೆ.”

“ನೀನು ಹೇಳೋ ಮಾತಿಗೆ ಅಷ್ಟೇ ನಗು ಬರೋದು ಮುದುಕಾ. ನಾನೂ ಮದುವೆಯಾದಾಗಿಂದ ಹಲ್ಲೇ ಬಿಡ್ತಿದ್ದೀನಿ.”

ಜಿನ್ ನನ್ನನ್ನು ನೋಡಿ ಎದ್ದು ಬಂದ. ಬೆಂಚಿನ ಮೇಲೆ ಶಾವೊ ಕೂರಲೆಂದು ಅವನು ಹಾಸಿದ್ದ ಪತ್ರಿಕೆಯ ಹಾಳೆ ಗಾಳಿಗೆ ಏಳುತ್ತಿತ್ತು. ಇವನ ಕಣ್ಣು ಅದರ ಮೇಲೇ ಇತ್ತು.

“ಅತ್ತಿಗೆ, ಅಣ್ಣನಿಗೆ ನೀವಾದ್ರೂ ಹೇಳಿ. ಮರಿಗೆ ಹದ್ದು ಕಲಿಸೋವರೆಗೂ ಅಷ್ಟೇ. ಆಮೇಲೆ ಇಲ್ಲಿಗೇ ಬರ್ತೀನಿ.”

“ಯಾಕೆ ಬರ್ಬೇಕು?” ಅಂದ ಇವನು, ಕೊಕ್ಕೆ ಉಜ್ಜುವುದನ್ನು ನಿಲ್ಲಿಸದೆ. “ಮರ ಸರ್ಕಾರದ್ದು. ಎಲ್ಲಿ ಬೇಕಾದ್ರೂ ತೂಗುಹಾಕು.”

“ಕೋಪನಾ ಅಣ್ಣ?”

“ನನಗೇನು ಕೋಪ? ಹೋಗು, ನಿನ್ನ ಪತ್ರಿಕೆ ಹಾರಿಹೋಗ್ತಿದೆ.”

ಆಮೇಲಿನ ದಿನಗಳಲ್ಲಿ ನಾನು ಉದ್ಯಾನಕ್ಕೆ ಹೋಗದಿದ್ದರೂ ವಿಲೋ ಮರದ ಕೆಳಗೆ ನಡೆದದ್ದೆಲ್ಲ ನನಗೆ ಊಟದ ಹೊತ್ತಿಗೆ ವರದಿಯಾಗುತ್ತಿತ್ತು. ಜಿನ್ ಶಾವೊನ ಹಕ್ಕಿಗೆ ತಿನ್ನಲು ಹಿಟ್ಟುಹುಳ ತಂದುಕೊಟ್ಟ. ಜಿನ್ ತನ್ನ ಫ್ಲಾಸ್ಕಿನಿಂದ ಅವನಿಗೆ ಮಲ್ಲಿಗೆ ಚಹಾ ಬಗ್ಗಿಸಿದ, ಅದೂ ಮೊದಲ ಬಟ್ಟಲು. ಒಂದು ದಿನ ಮನೆಗೆ ಬಂದ ಇವನು ಬಾಗಿಲಲ್ಲೇ ನಿಂತುಬಿಟ್ಟ.

“ಅವನನ್ನ ಹುಳಿಗಂಜಿ ಅಂಗಡಿಗೆ ಕರ್ಕೊಂಡು ಹೋಗಿದ್ದಾನೆ.”

ಹುದುಗಿಸಿದ ಹೆಸರುಕಾಳಿನ ಆ ಗಂಜಿಯ ವಾಸನೆಗೆ ಹೊರಗಿನವರು ಮೂಗು ಮುಚ್ಚಿಕೊಂಡು ಓಡುತ್ತಾರೆ. ನಮ್ಮವರಿಗೆ ಅದಿಲ್ಲದೆ ಬೆಳಗಾಗುವುದಿಲ್ಲ.

“ಹೋಗ್ಲಿ ಬಿಡು. ಹೊಟ್ಟೆ ಕೆಟ್ರೆ ಅವನದೇ ಕೆಡುತ್ತೆ.”

“ಮೂಲೆ ಮೇಜಲ್ಲಿ ಕೂತಿದ್ರು. ನಮ್ಮ ಮೇಜಲ್ಲಿ. ಉಪ್ಪಿನಕಾಯಿ ನಂಚ್ಕೊಂಡು ಹೇಗೆ ಕುಡೀಬೇಕು ಅಂತ ಜಿನ್ ಅವನಿಗೆ ತೋರಿಸ್ತಿದ್ದ. ಜಿನ್‌ಗೆ ಅದನ್ನ ತೋರಿಸಿಕೊಟ್ಟವನು ನಾನು ಕಣೆ.”

ನನಗೆ ನಗು ಬಂತು, ಆದರೆ ಪೂರ್ತಿ ಬರಲಿಲ್ಲ. “ಮದುವೆಯಾದ ಹೊಸದರಲ್ಲಿ ನಾನು ನಿಮ್ಮ ಡಿಪೋದ ಮೆಕ್ಯಾನಿಕ್ ಜೊತೆ ಸಿನಿಮಾಕ್ಕೆ ಹೋಗಿ ಬಂದಾಗ ನೀನು ಮುಖ ಹೀಗೆ ಮಾಡ್ಕೊಂಡಿರ್ಲಿಲ್ಲ.”

“ಅವನದ್ದು ಬೋಳುತಲೆ. ಅವನ ಬಗ್ಗೆ ಏನಂತ ಹೊಟ್ಟೆ ಉರ್ಕೊಳ್ಲಿ?”

ಆ ರಾತ್ರಿ ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಇಷ್ಟು ಉರಿ ಇವನ ಹೊಟ್ಟೆಯಲ್ಲಿ ಇತ್ತಲ್ಲ, ಒಂದು ಸಲವಾದರೂ ನನ್ನ ಸಲುವಾಗಿ ಹೊತ್ತಿಕೊಳ್ಳಲಿಲ್ಲವಲ್ಲ ಅಂತ.

ಏಪ್ರಿಲ್ ಕೊನೆಗೆ, ಪಾಪ್ಲರ್ ಮರದ ಹತ್ತಿ ಬೀದಿಯಲ್ಲೆಲ್ಲ ಹಾರುತ್ತಿದ್ದಾಗ, ಇವನು ನಮ್ಮ ಹಕ್ಕಿಯನ್ನು ನನ್ನ ತಂಗಿಯ ಮನೆಗೆ ಬಿಟ್ಟು ಬಂದ. ಅದಕ್ಕೆ ಗಾಳಿ ಬದಲಾಗಬೇಕಂತೆ. ನನ್ನ ತಂಗಿಯ ಮನೆ ಅಂದರೆ ಮುಖ ಸಿಂಡರಿಸುವವನು ತನ್ನ ಪ್ರಾಣವನ್ನೇ ಅಲ್ಲಿಗೆ ಒಯ್ದು ಇಟ್ಟದ್ದು ನೋಡಿ ನನಗೆ ಅನುಮಾನ ಬಂತು. ಮಧ್ಯಾಹ್ನ ಹಕ್ಕಿ ಸಂತೆಯ ಕಡೆ ಹೋದವನು ನೀಲಿ ಬಟ್ಟೆ ಮುಚ್ಚಿದ ಬೇರೆ ಪಂಜರದೊಂದಿಗೆ ಬಂದು ಅದನ್ನು ಬಾಲ್ಕನಿಯಲ್ಲಿಟ್ಟ.

ಅರ್ಧ ಗಂಟೆಯಲ್ಲಿ ಕೆಳಗೆ ಯಾರದೋ ಎಲೆಕ್ಟ್ರಿಕ್ ಸ್ಕೂಟರಿನ ಕಳ್ಳರನ್ನು ಓಡಿಸುವ ಅಲಾರಂ ಬಡಿದುಕೊಳ್ಳತೊಡಗಿತು. ಕಿಟಕಿಯಿಂದ ಬಗ್ಗಿ ನೋಡಿದೆ. ಕೆಳಗೆ ಸ್ಕೂಟರೂ ಇಲ್ಲ, ಕಳ್ಳನೂ ಇಲ್ಲ. ಸದ್ದು ನನ್ನ ಬೆನ್ನ ಹಿಂದಿನಿಂದ ಬರುತ್ತಿತ್ತು. ಬಟ್ಟೆ ಎತ್ತಿದೆ. ಒಳಗೆ ಬಡಕಲು ಬೈಲಿಂಗ್ ಒಂದು ಎದೆಯುಬ್ಬಿಸಿ ನಿಂತು ಕೀಂವ್ ಕೀಂವ್ ಕೀಂವ್ ಅಂತ ಕೂಗಿ, ಹೇಗಿತ್ತು ಅನ್ನುವಂತೆ ನನ್ನನ್ನು ನೋಡಿತು.

ಹಕ್ಕಿಯವನ ಹೆಂಡತಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

“ಎಲ್ಲಿ ಇಡ್ಬೇಕು ಅಂತಿದ್ದೀಯ?” ಅಂದೆ.

“ವಿಲೋ ಮರದ ಹಿಂದೆ, ಲೈಲ್ಯಾಕ್ ಪೊದೆ ಒಳಗೆ.” ನನ್ನ ಹತ್ತಿರ ಮುಚ್ಚುಮರೆ ಮಾಡಿ ಅವನಿಗೆ ಅಭ್ಯಾಸವಿಲ್ಲ. “ಬೇರೆಯವರು ಬರೋಕೆ ಮುಂಚೆ ಇಟ್ಟು ಬರ್ತೀನಿ. ಬಟ್ಟೆ ಮುಚ್ಚಿದ್ರೂ ಕೂಗುತ್ತೆ. ನಾಲ್ಕು ದಿನ ಬೆಳಗ್ಗೆ ಇಟ್ರೆ ಸಾಕು, ಅವನ ಹಕ್ಕಿ ಆ ಕೂಗನ್ನ ಎತ್ಕೊಂಡುಬಿಡುತ್ತೆ.”

“ಜಿನ್ ಮರಿ ಅದರ ಪಕ್ಕದಲ್ಲೇ ಇದೆಯಲ್ಲ.”

ಇವನು ಪಂಜರಕ್ಕೆ ಬಟ್ಟೆ ಇಳಿಸಿ ಅಂಚನ್ನು ಸರಿಮಾಡಿದ.

“ಗೊತ್ತು,” ಅಂದ.

ಇಷ್ಟು ವರ್ಷ ಜೊತೆಗಿದ್ದವನ ಮುಖವನ್ನು ನಾನು ಆಗ ಹೊಸದಾಗಿ ನೋಡಿದೆ. ನೋಡಲು ಚೆನ್ನಾಗಿರಲಿಲ್ಲ. ಆದರೂ ತಡೆಯಲಿಲ್ಲ. ತಡೆದರೆ ಮತ್ತೊಂದು ದಿನ ನನಗೆ ತಿಳಿಯದ ಹಾಗೆ ಹೋಗುತ್ತಾನೆ. “ನಾಳೆ ನಾನೂ ಬರ್ತೀನಿ,” ಅಂದೆ.

ಬೆಳಗ್ಗೆ ಗೇಟು ತೆರೆಯುವ ಹೊತ್ತಿಗೇ ಹೋದೆವು. ಆದರೆ ನಮಗಿಂತ ಮುಂಚೆ ಜಿನ್ ಮತ್ತು ಶಾವೊ ಪಕ್ಕದ ಗೇಟಿನಿಂದ ಬಂದುಬಿಟ್ಟಿದ್ದರು. ವಿಲೋ ಕೆಳಗೆ ಏನೋ ಮಾತು ನಡೆದಿತ್ತು. ಪೊದೆಯ ಹತ್ತಿರ ಸುಳಿಯುವಂತಿರಲಿಲ್ಲ. ಇವನು ಏನೂ ಆಗದವನಂತೆ ತನ್ನ ಓರೆ ಮರಕ್ಕೆ ಹೋಗಿ ಪಂಜರವನ್ನು ಬಟ್ಟೆ ಸಮೇತ ಎಂದಿನ ಕೊಂಬೆಗೆ ಸಿಕ್ಕಿಸಿದ. ಇನ್ನಿಬ್ಬರು ಮೂವರು ಹಕ್ಕಿಯವರೂ ಬಂದು ಸೇರಿದರು.

ಶಾವೊನ ತಗ್ಗು ದನಿ ಬೆಳಗಿನ ತಣ್ಣನೆ ಗಾಳಿಯಲ್ಲಿ ನಮ್ಮವರೆಗೂ ಬರುತ್ತಿತ್ತು.

“ತಪ್ಪು ತಿಳೀಬೇಡಿ ಜಿನ್. ನಿಮ್ಮ ಮರಿ ಒಳ್ಳೇದೇ. ಆದ್ರೆ ಅದು ಮೊದಲೇ ಬೇರೆ ಸಾಲು ಕಲಿತಿದೆ. ಕೋಳಿ ಆದ್ಮೇಲೆ ಬೆಕ್ಕು ಅನ್ನುತ್ತೆ. ನಮ್ಮ ಕಡೆ ಕೋಳಿ ಆದ್ಮೇಲೆ ಹದ್ದು. ಎರಡು ದಿನದಿಂದ ನನ್ನ ಹಕ್ಕಿ ಕೋಳಿ ಮುಗಿಸಿ ತಡವರಿಸ್ತಿದೆ.”

“ಇನ್ನೊಂದು ವಾರ ಇಟ್ಟರೆ ಮರೀಬಹುದು.”

“ಚಿಕ್ಕಂದಿನಲ್ಲಿ ಕಲಿತದ್ದು ಮರೆಯಲ್ಲ. ನಿಮಗೂ ಗೊತ್ತು. ನೀವು ಬನ್ನಿ, ದಿನಾ ಬನ್ನಿ, ಚಹಾ ಕುಡಿಯೋಣ. ಹಕ್ಕಿ ಮಾತ್ರ ಇಲ್ಲಿ ಬೇಡ.”

ಇವನ ಮುಖದಲ್ಲಿ ಅರಳಿದ್ದನ್ನು ನಾನು ಬಣ್ಣಿಸಲಾರೆ. ತನ್ನ ಹಕ್ಕಿ ಕಲಿಸಿದ ಬೆಕ್ಕಿನ ಕೂಗು ಶಾವೊನ ಹದ್ದಿಗೆ ಅಡ್ಡ ಬಂದಿತ್ತು. ಪೊದೆ ಬೇಕಾಗಲಿಲ್ಲ, ಸ್ಕೂಟರು ಬೇಕಾಗಲಿಲ್ಲ.

ಜಿನ್ ತನ್ನ ಪಂಜರ ಇಳಿಸಿಕೊಂಡ. ಆಮೇಲೆ ದಾರಿ ದಾಟಿ ನಮ್ಮ ಕಡೆಗೆ ಬಂದ. ಕಂಡಕ್ಟರಾಗಿದ್ದಾಗ ತುಂಬಿದ ಬಸ್ಸಿನಲ್ಲಿ ಜನರ ನಡುವೆ ಭುಜ ಓರೆ ಮಾಡಿ ತೂರಿಕೊಂಡು ಬರುತ್ತಿದ್ದವನು, ಈಗ ಖಾಲಿ ದಾರಿಯಲ್ಲೂ ಹಾಗೇ ಬಂದ.

“ಅಣ್ಣ, ಜಾಗ ಇದೆಯಾ?” ಅಂದ. ಹಲ್ಲು ಬಿಟ್ಟ. ಉತ್ತರಕ್ಕೆ ಕಾಯದೆ, ಪಂಜರವನ್ನು ಹಳೆಯ ಜಾಗಕ್ಕೆ, ಆ ನೀಲಿ ಬಟ್ಟೆಯ ಪಕ್ಕಕ್ಕೆ ಎತ್ತಿದ.

“ಬೇಡ,” ಅಂದ ನಮ್ಮ ಮುದುಕ.

ಜಿನ್‌ನ ಕೈ ಮೇಲೇ ನಿಂತಿತು.

“ಇಲ್ಲಿ ಹಾಕ್ಬೇಡ.”

ತೋಪಿನಲ್ಲಿದ್ದವರೆಲ್ಲ ಈ ಕಡೆ ತಿರುಗಿದರು. ಜಿನ್ ಕೈ ಇಳಿಸಿದ. ಕಿವಿಯವರೆಗೂ ಕೆಂಪಾಗಿದ್ದ.

“ಸರಿ ಅಣ್ಣ. ಅಲ್ಲೂ ಬೇಡ, ಇಲ್ಲೂ ಬೇಡ. ನಾನು ಮಾಡಿದ್ದಕ್ಕೆ ಇಷ್ಟಾಗಬೇಕಾದ್ದೇ.”

ಅವನು ತಿರುಗಿ ಹೊರಟ. ಅಷ್ಟಕ್ಕೇ ಬಿಟ್ಟಿದ್ದರೆ ಮರಿಯೂ ಉಳಿಯುತ್ತಿತ್ತು, ಇವನ ಹೆಸರೂ ಉಳಿಯುತ್ತಿತ್ತು. ಕೈತಪ್ಪಿ ಹೋಗುತ್ತಿದ್ದವನು ಜಿನ್ ಒಬ್ಬನೇ. ಇವನು ನನ್ನ ಕಡೆ ನೋಡಿದ. ನಾನು ಬೇಕೆಂದೇ ಸರೋವರದ ಕಡೆ ನೋಡಿದೆ. ಇದನ್ನೂ ನಾನೇ ಹೇಳಿಕೊಡಬೇಕೆ?

“ಜಿನ್, ನಿಲ್ಲೋ,” ಅಂದ ಇವನು. ಬಸ್ಸಿನ ಮುಂದಿನಿಂದ ಹಿಂದಿನ ಬಾಗಿಲಿಗೆ ಕೇಳಿಸುವ ಹಳೆಯ ದನಿ ಅದು. “ಒಳಗಿರೋದು ನನ್ನ ಹಕ್ಕಿ ಅಲ್ಲ. ಬಾಯಿ ಕೆಟ್ಟದ್ದು. ಪಕ್ಕದಲ್ಲಿ ಇಟ್ರೆ ನಿನ್ನ ಮರಿ ಹಾಳಾಗುತ್ತೆ.”

ಇವನು ಪಂಜರ ಇಳಿಸಲು ಕೊಂಬೆ ಬಗ್ಗಿಸಿದ. ಅಲುಗಾಟಕ್ಕೆ ಒಳಗಿದ್ದದ್ದಕ್ಕೆ ಎಚ್ಚರವಾಯಿತೋ ಏನೋ, ಕೀಂವ್ ಕೀಂವ್ ಕೀಂವ್ ಅಂತ ಇಡೀ ತೋಪಿಗೆ ಕೇಳಿಸುವಂತೆ ಶುರುಮಾಡಿತು. ಜನ ತಮ್ಮ ತಮ್ಮ ಪಂಜರಗಳತ್ತ ಓಡಿ ಬಟ್ಟೆ ಇಳಿಸಿದರು. ಒಬ್ಬ ಮುದುಕ ತನ್ನ ಕೋಟನ್ನೇ ಬಿಚ್ಚಿ ಹಕ್ಕಿಗೆ ಸುತ್ತಿದ.

ಶಾವೊ ಮಾತ್ರ ನಿಧಾನವಾಗಿ ತನ್ನದನ್ನು ಮುಚ್ಚಿ ನಮ್ಮತ್ತ ಬಂದ. “ತಿಳಿದೂ ಇದನ್ನ ಇಲ್ಲಿಗೆ ಯಾಕೆ ತಂದ್ರಿ, ತೋಂಗ್ ಅವರೇ?”

ಇವನ ಕಣ್ಣು ಒಂದು ಕ್ಷಣ ವಿಲೋ ಹಿಂದಿನ ಪೊದೆಯ ಕಡೆ ಹೋಗಿ ಬಂತು. ಶಾವೊ ಅದನ್ನು ನೋಡಿದ. ಜಿನ್ ಕೂಡ ನೋಡಿದ.

ನಾವಿಬ್ಬರೂ ಆ ಕೂಗುವ ಪಂಜರ ಹಿಡಿದು ಉದ್ಯಾನದ ಉದ್ದಕ್ಕೂ ನಡೆದೆವು. ಚದುರಂಗದವರು ತಲೆಯೆತ್ತಿ ತಮ್ಮ ತಮ್ಮ ಸ್ಕೂಟರು ನೆನೆಸಿಕೊಂಡು ಜೇಬು ಮುಟ್ಟಿಕೊಂಡರು. ಪಡಸಾಲೆಯಿಂದ ನನ್ನ ಗೆಳತಿಯರು ಕೂಗಿ ಕರೆದರು. ಆ ದಿನ ನಾನು ಹಾಡಲು ನಿಲ್ಲಲಿಲ್ಲ.

ನನ್ನ ತಂಗಿಯ ಮನೆಗೆ ಹೋಗಿ ಹಕ್ಕಿ ಬದಲಾಯಿಸಿಕೊಂಡು ಬಂದೆ. ಅವಳಿಗೆ ಈ ಕೆಟ್ಟಬಾಯಿಯದೇ ಇಷ್ಟವಾಯಿತು. ಇದಾದರೆ ಮನೆಯಲ್ಲಿ ಜೋರಾಗಿ ಮಾತಾಡಬಹುದಂತೆ. ನಮ್ಮ ಹಕ್ಕಿ ಕಿಟಕಿಗೆ ಮರಳಿತು, ಜೊತೆಗೆ ಆ ಹಳೆಯ ಮೌನವೂ. ಆದರೆ ಬೆಳಗಾದರೆ ಇವನಿಗೆ ಹೋಗಲು ಜಾಗವಿರಲಿಲ್ಲ. ಬೂಟು ಹಾಕಿಕೊಳ್ಳುತ್ತಿದ್ದ, ಬಿಚ್ಚುತ್ತಿದ್ದ.

ಕೆಲವು ದಿನಗಳ ಮೇಲೆ ಜಿನ್ ಬಂದ, ಬರಿಗೈಯಲ್ಲಿ. ಕೂರು ಅಂದರೆ ಕೂರಲಿಲ್ಲ. ನಾನು ಕೊಟ್ಟ ಚಹಾ ಹಿಡಿದುಕೊಂಡ, ಕುಡಿಯಲಿಲ್ಲ.

“ಒಂದು ಕೇಳ್ಬೇಕಿತ್ತು ಅಣ್ಣ. ಆ ಪೊದೇಲಿ ಅದನ್ನ ಇಟ್ಟಿದ್ರೆ ನನ್ನ ಮರೀನೂ ಅಲ್ಲೇ ಇರ್ತಿತ್ತು. ಅದು ನಿನಗೆ ಹೊಳೆದಿತ್ತಾ?”

ಹೊಳೆಯಲಿಲ್ಲ ಕಣೋ, ಶಾವೊ ಮೇಲಿನ ಸಿಟ್ಟಲ್ಲಿ ಕಣ್ಣು ಕಾಣಲಿಲ್ಲ ಅಂದರೆ ಮುಗಿಯುತ್ತಿತ್ತು. ಜಿನ್ ಕೂಡ ಆ ಉತ್ತರ ಕೇಳಿಸಿಕೊಳ್ಳಲೆಂದೇ ಬಂದಿದ್ದ ಅಂತ ನನ್ನ ಅಂದಾಜು. ಒಲೆಯ ಹತ್ತಿರ ನಿಂತು ಮನಸ್ಸಿನಲ್ಲೇ ಆ ಮಾತನ್ನು ಇವನ ಬಾಯಿಗೆ ತುರುಕುತ್ತಿದ್ದೆ.

“ಹೊಳೆದಿತ್ತು,” ಅಂದ ಇವನು.

ಜಿನ್ ಬಟ್ಟಲನ್ನು ಮೇಜಿನ ಮೇಲಿಟ್ಟ. “ಬರ್ತೀನಿ ಅತ್ತಿಗೆ,” ಅಂತ ನನಗೆ ಮಾತ್ರ ಹೇಳಿ ಹೋದ.

ಅದಾದ ಮೇಲೆ ಪಾಪ್ಲರ್ ಹತ್ತಿ ಹಾರುವುದು ನಿಂತಿತು, ಬಿಸಿಲು ಬಲಿಯಿತು. ಜಿನ್ ಈಗ ಮರಿಯನ್ನು ಎಲ್ಲಿಗೂ ಒಯ್ಯುತ್ತಿಲ್ಲ ಅಂತ ಪಡಸಾಲೆಯ ಹೆಂಗಸರು ಹೇಳಿದರು. ನಾನು ಮನೆಯಲ್ಲಿ ಅದನ್ನು ಎತ್ತಲಿಲ್ಲ. ಒಂದು ಬೆಳಗ್ಗೆ ಸೊಪ್ಪು ತೊಳೆದ ನೀರು ಚೆಲ್ಲಲು ಬಾಲ್ಕನಿಗೆ ಹೋದೆ. ಕೆಳಗೆ ಅಂಗಳದ ಬೆಂಚಿನಲ್ಲಿ ಜಿನ್ ಪತ್ರಿಕೆ ಬಿಡಿಸಿಕೊಂಡು ಕೂತಿದ್ದ. ಅವನ ಪಂಜರ ನಮ್ಮ ಕಿಟಕಿಗೆ ನೇರ ಕೆಳಗಿನ ಕೊಂಬೆಯಲ್ಲಿ ಬಟ್ಟೆಯಿಲ್ಲದೆ ತೂಗುತ್ತಿತ್ತು. ಅವನು ಮೇಲಕ್ಕೆ ಒಮ್ಮೆಯೂ ನೋಡಲಿಲ್ಲ.

ನಾನು ಒಳಗೆ ಬಂದು ಇವನನ್ನು ಕಿಟಕಿಯ ಕಡೆಗೆ ನೂಕಿದೆ. ಇವನು ಬಗ್ಗಿ ನೋಡಿ ತಟ್ಟನೆ ಹಿಂದೆ ಸರಿದ. ಆಮೇಲೆ ಕಿಟಕಿಯ ಎರಡೂ ಬಾಗಿಲು ತೆರೆದು, ಕೊಕ್ಕೆಯನ್ನು ಕೈಗೆಟುಕುವಷ್ಟು ಹೊರಕ್ಕೆ ಜರುಗಿಸಿ ಪಂಜರ ತೂಗುಹಾಕಿದ. ನಮ್ಮ ಹಕ್ಕಿ ಗುಬ್ಬಿಗಳಿಂದ ತೊಡಗಿತು. ಕೋಳಿ, ಆಮೇಲೆ ಬೆಕ್ಕು. ಅಲ್ಲಿ ಒಂದು ಕ್ಷಣ ನಿಂತು, ಹದ್ದನ್ನು ಬಿಟ್ಟು, ಮುಂದಕ್ಕೆ ಹಾರಿತು. ಕೆಳಗಿನಿಂದ ಪತ್ರಿಕೆಯ ಹಾಳೆ ತಿರುಗಿಸಿದ ಸದ್ದು ಬಂತು.

ಹೀಗೇ ಒಂದು ವಾರ ನಡೆಯಿತು. ಒಬ್ಬ ಮೇಲೆ, ಒಬ್ಬ ಕೆಳಗೆ, ಮಾತಿಲ್ಲ. ಇವನು ಪರದೆಯ ಅಂಚಿನಿಂದ ಇಣುಕುತ್ತ ನಿಂತಿರುತ್ತಿದ್ದ.

“ಫ್ಲಾಸ್ಕ್ ತಂದಿದ್ದಾನೆ,” ಅಂದ ಒಂದು ದಿನ.

“ತರ್ಲಿ.”

“ಬಟ್ಟಲು ಎರಡು ಇದೆ. ಎರಡ್ಯಾಕೆ? ಇಲ್ಲಿಂದ ಎದ್ದು ನೇರ ಉದ್ಯಾನಕ್ಕೆ ಹೋಗ್ತಾನೆ ಅನ್ಸುತ್ತೆ, ಶಾವೊ ಹತ್ರ. ಚಹಾ ಕುಡಿಯೋಣ ಬನ್ನಿ ಅಂದಿದ್ನಲ್ಲ ಅವನು. ಅವನಿಗೇ ಎರಡನೇ ಬಟ್ಟಲು.”

“ನನ್ನನ್ನ ಕೇಳಿದ್ರೆ? ಇಳಿದು ಅವನನ್ನೇ ಕೇಳು.”

“ನಾನ್ಯಾಕೆ ಕೇಳ್ಲಿ? ಯಾರ ಹತ್ರ ಬೇಕಾದ್ರೂ ಕುಡೀಲಿ, ನನಗೇನು?”

ಅನ್ನುತ್ತಲೇ ಬೂಟಿನೊಳಗೆ ಕಾಲು ತೂರಿಸಿದ. ಹಿಮ್ಮಡಿ ಸರಿಯಾಗಿ ಹೋಗುವ ಮುಂಚೆಯೇ ಬಾಗಿಲು ತೆಗೆದು ಮೆಟ್ಟಿಲಿಳಿಯತೊಡಗಿದ.